ಕಲ್ಲು ಹೆಕ್ಕಿದ ತಂದೆ, ಗವಿ ಅಗೆದ ಮಗ

ನಿಡಗುಂದಿಯ ದಕ್ಷಿಣಕ್ಕೆ ಕೃಷ್ಣಾ ನದಿ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಿಂದಾಗಿ ಇಲ್ಲಿ ನದಿ ಈಗ ನದಿಯಂತೆ ಕಾಣುವುದಿಲ್ಲ; ಕಣ್ಣು ಹಾಯುವಷ್ಟು ದೂರ ನೀರೇ ನೀರು. ಮೇಲ್ಗಡೆ ಚಿಕ್ಕಸಂಗಮದಲ್ಲಿ ಘಟಪ್ರಭೆ ಕೃಷ್ಣೆಯನ್ನು ಸೇರುತ್ತದೆ. ಅಣೆಕಟ್ಟೆಯ ಕೆಳಗಡೆ ಕೂಡಲಸಂಗಮದಲ್ಲಿ ಮಲಪ್ರಭೆ ಸೇರುತ್ತದೆ. ಈ ನಾಡಿನ ಹೆಸರು ಹೇಳಿದೊಡನೆ ಬಸವಣ್ಣನವರ ಬಾಗೇವಾಡಿ, ಕೂಡಲಸಂಗಮ, ಬಾದಾಮಿಯ ಚಾಲುಕ್ಯರು, ವಿಜಯಪುರದ ಆದಿಲಶಾಹಿಗಳು ನೆನಪಿಗೆ ಬರುವುದು ಸಹಜ. ಆದರೆ ಇವರೆಲ್ಲರಿಗಿಂತ ಲಕ್ಷಾಂತರ ವರ್ಷ ಹಿಂದೆಯೇ ಈ ನದಿಗಳ ಬಯಲಿನಲ್ಲಿ ಮನುಷ್ಯರು ಓಡಾಡಿದ್ದರು. ಅವರು ಬಿಟ್ಟುಹೋದ ಗುರುತು ಶಾಸನವಲ್ಲ, ಗುಡಿಯಲ್ಲ. ಗರಸಿನಲ್ಲಿ ಹುದುಗಿದ, ಅಂಚು ಮಾಡಿದ ಕಲ್ಲುಗಳು.

ಅಂಥ ಕಲ್ಲುಗಳನ್ನು ಈ ಭಾಗದಲ್ಲಿ ಮೊದಲು ಗುರುತಿಸಿದವರು ರಾಬರ್ಟ್ ಬ್ರೂಸ್ ಫುಟ್ ಎಂಬ ಇಂಗ್ಲಿಷ್ ಭೂವಿಜ್ಞಾನಿ. ಭಾರತದ ಪ್ರಾಗಿತಿಹಾಸದ ಪಿತಾಮಹ ಎಂದು ಅವರನ್ನು ಕರೆಯುವುದುಂಟು. ಅವರ ಬಗ್ಗೆ ಪಠ್ಯಪುಸ್ತಕಗಳಲ್ಲಿ ಒಂದೆರಡು ಸಾಲು ಸಿಗುತ್ತವೆ. ಆದರೆ ಈ ಹುಚ್ಚನ್ನು ಅವರು ತಮ್ಮ ಮಗನಿಗೂ ಹಚ್ಚಿದರು, ತಂದೆ ಮಗ ಇಬ್ಬರೂ ಒಂದೇ ಗವಿಯ ಮಣ್ಣಿನಲ್ಲಿ ಸಾವಿರಾರು ವರ್ಷಗಳ ಹಿಂದಿನ ಮನುಷ್ಯನನ್ನು ಹುಡುಕಿದರು ಎಂಬ ಸಂಗತಿ ಅಷ್ಟಾಗಿ ತಿಳಿದಿಲ್ಲ.

ಪಲ್ಲಾವರಂನ ಕಲ್ಲು

ಫುಟ್ ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರ ಕೊನೆಯಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ಸೇರಿದರು. ಕಲ್ಲಿದ್ದಲು, ಚಿನ್ನ, ಕಬ್ಬಿಣದ ಅದಿರು ಎಲ್ಲಿದೆ ಎಂದು ಪತ್ತೆ ಮಾಡುವುದು, ಯಾವ ಸೀಮೆಯಲ್ಲಿ ಯಾವ ಬಂಡೆ ಇದೆ ಎಂದು ನಕ್ಷೆ ಬರೆಯುವುದು ಇಲಾಖೆಯ ಕೆಲಸ. ಮಳೆ ನಿಂತ ಮೇಲೆ ಡೇರೆ ಹೊತ್ತುಕೊಂಡು ಹಳ್ಳಿ ಹಳ್ಳಿ ಸುತ್ತುವುದು, ಬೇಸಿಗೆ ಮುಗಿದ ಮೇಲೆ ಕಚೇರಿಗೆ ಮರಳಿ ವರದಿ ಬರೆಯುವುದು ಅಲ್ಲಿನ ನೌಕರರ ವರ್ಷದ ದಿನಚರಿ.

1859ರಲ್ಲಿ ಯೂರೋಪಿನಲ್ಲಿ ಒಂದು ದೊಡ್ಡ ವಾದ ಬಗೆಹರಿಯಿತು. ಫ್ರಾನ್ಸಿನ ಸೊಮ್ ನದಿಯ ಗರಸಿನಲ್ಲಿ ಅಳಿದುಹೋದ ಪ್ರಾಣಿಗಳ ಮೂಳೆಗಳ ಜೊತೆ ಸಿಕ್ಕ ಕಲ್ಲಿನ ಕೊಡಲಿಗಳು ಮನುಷ್ಯ ಮಾಡಿದವೇ ಎಂದು ಇಂಗ್ಲೆಂಡಿನ ವಿದ್ವಾಂಸರು ಒಪ್ಪಿಕೊಂಡರು. ಅವನ್ನು ವರ್ಷಗಟ್ಟಲೆ ಕೂಡಿಟ್ಟವರು ಬೂಷೆ ದ ಪರ್ತ್ ಎಂಬ ಸುಂಕದ ಅಧಿಕಾರಿ. ಮನುಷ್ಯನ ವಯಸ್ಸು ಅಲ್ಲಿಯವರೆಗೆ ತಿಳಿದಿದ್ದಕ್ಕಿಂತ ಎಷ್ಟೋ ಹೆಚ್ಚು ಎಂಬುದು ಇದರಿಂದ ಖಚಿತವಾಯಿತು.

ಈ ಸುದ್ದಿ ಫುಟ್ ಅವರ ತಲೆಯಲ್ಲಿ ಉಳಿದಿರಬೇಕು. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಗರಸು ತೆಗೆದ ಗುಂಡಿಯೊಂದರಲ್ಲಿ ಅವರಿಗೆ ಒಂದು ಕಲ್ಲು ಸಿಕ್ಕಿತು. ಎರಡೂ ಕಡೆ ಚಕ್ಕೆ ಎಬ್ಬಿಸಿ ಆಕಾರ ಕೊಟ್ಟ ಕೈಗೊಡಲಿ ಅದು. ಭಾರತದಲ್ಲಿ ಹಳೆ ಶಿಲಾಯುಗದ ಮನುಷ್ಯ ಇದ್ದನೆಂಬುದಕ್ಕೆ ಹೀಗೆ ಸಾಕ್ಷಿ ದೊರೆಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಂದಿಗೆ ಅತ್ತಿರಂಪಾಕ್ಕಂ ಎಂಬಲ್ಲಿ ಇನ್ನೂ ಹೇರಳವಾದ ನೆಲೆಯನ್ನು ಕಂಡರು. ಪುರಾತತ್ವಜ್ಞೆ ಶಾಂತಿ ಪಪ್ಪು ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿನ ಅತಿ ಹಳೆಯ ಉಪಕರಣಗಳ ಕಾಲ ಸುಮಾರು 15 ಲಕ್ಷ ವರ್ಷಗಳ ಹಿಂದಕ್ಕೆ ಹೋಗುತ್ತದೆ.

ಕಲ್ಲು ಹುಡುಕುವುದು ಫುಟ್ ಅವರಿಗೆ ಸರ್ಕಾರ ವಹಿಸಿದ ಕೆಲಸವಾಗಿರಲಿಲ್ಲ. ಅದು ಕೆಲಸದ ದಾರಿಯಲ್ಲಿ ಬೆಳೆದ ಹವ್ಯಾಸ. ಬಂಡೆ ನೋಡಲು ಹೋದಾಗ ಗರಸನ್ನೂ ನೋಡುವುದು, ಹಳ್ಳದ ಕೊರಕಲಿಗೆ ಇಳಿದಾಗ ಅದರ ಪದರುಗಳನ್ನು ಪರೀಕ್ಷಿಸುವುದು ಅವರ ರೂಢಿಯಾಯಿತು. ಸುಮಾರು 40 ವರ್ಷ ಅದು ತಪ್ಪಲಿಲ್ಲ.

ಕಲಾದಗಿಯ ಸೀಮೆಯಲ್ಲಿ

ಫುಟ್ ಅವರ ಸುತ್ತಾಟದ ಬಹುಭಾಗ ಇಂದಿನ ಕರ್ನಾಟಕದಲ್ಲಿಯೇ ನಡೆಯಿತು. ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನು ಅಂದು ದಕ್ಷಿಣ ಮರಾಠಾ ಸೀಮೆ ಎಂದು ಕರೆಯುತ್ತಿದ್ದರು. ಇಂದಿನ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೇರಿ ಆಗ ಕಲಾದಗಿ ಜಿಲ್ಲೆ. 1885ರಲ್ಲಿ ಅದರ ಮುಖ್ಯ ಠಾಣೆ ವಿಜಯಪುರಕ್ಕೆ ಬದಲಾಯಿತು. ಈ ಸೀಮೆಯ ಭೂರಚನೆಯ ಕುರಿತು ಫುಟ್ ಬರೆದ ದೊಡ್ಡ ಗ್ರಂಥ 1876ರಲ್ಲಿ ಹೊರಬಂತು. ಕಲಾದಗಿ ಎಂಬ ಊರಿನ ಹೆಸರು ಭೂವಿಜ್ಞಾನದ ಪುಸ್ತಕಗಳಿಗೆ ಸೇರಿದ್ದು ಅದರಿಂದಲೇ. ಮುಂದೆ ಧಾರವಾಡದ ಹೆಸರನ್ನೂ ಅವರು ಚಿನ್ನದ ಅದಿರಿರುವ ಪುರಾತನ ಶಿಲಾಸಮೂಹಕ್ಕೆ ಇಟ್ಟರು. ಇಂದಿಗೂ ಜಗತ್ತಿನ ಭೂವಿಜ್ಞಾನಿಗಳು ಆ ಹೆಸರು ಬಳಸುತ್ತಾರೆ.

ಈ ಪ್ರದೇಶದ ನೆಲ ಒಂದೇ ಬಗೆಯದಲ್ಲ. ಕೃಷ್ಣೆಯ ಉತ್ತರಕ್ಕೆ ಇಂಡಿ, ಸಿಂದಗಿ, ಬಾಗೇವಾಡಿಯ ಕಡೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾರಸ ಹರಿದು ಗಟ್ಟಿಯಾದ ಕರಿಕಲ್ಲು. ಅದು ಸವೆದು ಆದದ್ದೇ ನಮ್ಮ ಎರೆ ಭೂಮಿ. ದಕ್ಷಿಣಕ್ಕೆ ಬಾಗಲಕೋಟೆ, ಬಾದಾಮಿಯ ಕಡೆ ಕಲಾದಗಿ ಶಿಲಾಸಮೂಹದ ಮರಳುಗಲ್ಲು, ಸುಣ್ಣದ ಕಲ್ಲು ಹಾಗೂ ಕ್ವಾರ್ಟ್ಜೈಟ್. ತಾಳಿಕೋಟೆಯ ಕಡೆ ಭೀಮಾ ಶಿಲಾಸಮೂಹದ ಸುಣ್ಣದ ಕಲ್ಲು. ಶಿಲಾಯುಗದ ಮನುಷ್ಯನಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಹೊಡೆದರೆ ಹರಿತವಾದ ಚಕ್ಕೆ ಏಳುವ ಕ್ವಾರ್ಟ್ಜೈಟ್ ಅವನಿಗೆ ಪ್ರಿಯವಾದ ಕಲ್ಲು. ಮಲಪ್ರಭೆ ಮತ್ತು ಬೆಣ್ಣಿಹಳ್ಳದ ಕಣಿವೆಗಳಲ್ಲಿ ಫುಟ್ ಅವರಿಗೆ ಇದೇ ಕಲ್ಲಿನ ಉಪಕರಣಗಳು ದೊರೆತವು.

ಗೋಕಾಕದ ಬಳಿ ಇನ್ನೊಂದು ವಿಸ್ಮಯ ಕಾದಿತ್ತು. ಘಟಪ್ರಭೆಯ ಸೀಮೆಯ ಹಳ್ಳದ ದಂಡೆಯಲ್ಲಿ ಅವರಿಗೆ ಖಡ್ಗಮೃಗದ ಪಳೆಯುಳಿಕೆಗಳು ಸಿಕ್ಕವು. ಇಂದು ಭಾರತದಲ್ಲಿ ಖಡ್ಗಮೃಗ ನೋಡಬೇಕೆಂದರೆ ಮುಖ್ಯವಾಗಿ ಅಸ್ಸಾಮಿಗೆ ಹೋಗಬೇಕು. ಅಂಥ ಪ್ರಾಣಿ ಒಂದು ಕಾಲಕ್ಕೆ ಬೆಳಗಾವಿ ಜಿಲ್ಲೆಯಲ್ಲಿ ಮೇಯುತ್ತಿತ್ತು. ಅದನ್ನು ಹೊಸ ಪ್ರಭೇದವೆಂದು ಪರಿಗಣಿಸಿ, ದಖ್ಖನ್ ಹೆಸರು ಕೊಟ್ಟು 1874ರಲ್ಲಿ ಫುಟ್ ವಿವರ ಪ್ರಕಟಿಸಿದರು.

ಒಡೆದ ಕಲ್ಲೋ, ಮಾಡಿದ ಕಲ್ಲೋ?

ನದಿಯಲ್ಲಿ ಉರುಳಿ ಬಂದ ಕಲ್ಲು ತಾನೇ ಒಡೆಯುತ್ತದೆ. ಬಿಸಿಲಿಗೂ ಸೀಳುತ್ತದೆ. ಹಾಗಿರುವಾಗ ಇದು ಮನುಷ್ಯ ಮಾಡಿದ್ದೆಂದು ಹೇಳುವುದು ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಬೇಕೆಂದೇ ಬಲವಾಗಿ ಹೊಡೆದು ಎಬ್ಬಿಸಿದ ಚಕ್ಕೆಯ ಮೇಲೆ, ಪೆಟ್ಟು ಬಿದ್ದ ಜಾಗದ ಕೆಳಗೆ, ಸಣ್ಣ ಉಬ್ಬು ಇರುತ್ತದೆ. ಚಕ್ಕೆ ಎದ್ದ ಕಡೆ ಮೂಲ ಕಲ್ಲಿನಲ್ಲಿ ಅದಕ್ಕೆ ಸರಿಯಾದ ತಗ್ಗು ಉಳಿಯುತ್ತದೆ. ಅಂಥ ತಗ್ಗುಗಳು ಒಂದರ ಪಕ್ಕ ಒಂದು ಕ್ರಮವಾಗಿ, ಎರಡೂ ಮೈಯಲ್ಲಿ ಬಂದು ಒಂದೇ ಅಂಚಿನಲ್ಲಿ ಕೂಡಿದರೆ ಅದು ಆಕಸ್ಮಿಕವಲ್ಲ. ಒಂದು ಕಲ್ಲು ನೋಡಿ ಸಂದೇಹ ಬಂದರೂ ಒಂದೇ ಪದರಿನಲ್ಲಿ ಒಂದೇ ಆಕಾರದ ಹತ್ತು ಕಲ್ಲು ಸಿಕ್ಕಾಗ ಸಂದೇಹ ಉಳಿಯುವುದಿಲ್ಲ.

ಜನರು ಇಂಥ ಕಲ್ಲುಗಳನ್ನು ಕಂಡೇ ಇರಲಿಲ್ಲವೆಂದಲ್ಲ. ನುಣ್ಣಗೆ ಉಜ್ಜಿದ ನವಶಿಲಾಯುಗದ ಕೊಡಲಿಗಳು ಸಿಡಿಲಿನೊಂದಿಗೆ ಆಕಾಶದಿಂದ ಬಿದ್ದವು ಎಂಬ ನಂಬಿಕೆ ಜಗತ್ತಿನ ಹಲವೆಡೆ ಇತ್ತು. ತಮಿಳುನಾಡಿನ ಏರ್ಕಾಡು ಬೆಟ್ಟದ ಜನ ಅವನ್ನು ಪಿಳ್ಳೈಯಾರ್, ಅಂದರೆ ಗಣಪತಿ ಎಂದು ಗುಡಿಗಳಲ್ಲಿ ಇಟ್ಟು ಪೂಜಿಸುತ್ತಿದ್ದುದನ್ನು ಫುಟ್ ಗಮನಿಸಿದ್ದರು. ನಿವೃತ್ತಿಯ ನಂತರ ಅವರು ನೆಲೆಸಿದ್ದು ಇದೇ ಏರ್ಕಾಡಿನಲ್ಲಿ.

ಬಿಲ್ಲಸುರ್ಗಂ ಗವಿ

ಇನ್ನು ಮಗನ ಕಥೆ. ಅಂದಿನ ಇಂಗ್ಲಿಷ್ ಅಧಿಕಾರಿಗಳು ಮಕ್ಕಳನ್ನು ಎಳೆಯ ವಯಸ್ಸಿನಲ್ಲಿಯೇ ಸ್ವದೇಶದ ಶಾಲೆಗೆ ಕಳುಹಿಸುವುದು ವಾಡಿಕೆಯಾಗಿತ್ತು. ತಂದೆ ಇಲ್ಲಿ, ಮಕ್ಕಳು ಅಲ್ಲಿ. ವರ್ಷಗಟ್ಟಲೆ ಮುಖ ನೋಡದೆ ಬೆಳೆದವರು ಎಷ್ಟೋ ಮಂದಿ. ಮನೆಯಲ್ಲಿದ್ದಾಗಲೂ ವರ್ಷದ ಅರ್ಧ ಡೇರೆಯಲ್ಲಿ ಕಳೆಯುವ ಭೂವಿಜ್ಞಾನಿ ತಂದೆಯ ಜೊತೆ ಮಕ್ಕಳ ಒಡನಾಟ ಕಡಿಮೆಯೇ. ಇಂಥ ಕಾಲದಲ್ಲಿ ಫುಟ್ ಅವರ ಮಗ ಹೆನ್ರಿ ಬ್ರೂಸ್ ಫುಟ್ ಸೇನೆಗೆ ಸೇರಿ ರಾಯಲ್ ಆರ್ಟಿಲರಿ ಎಂಬ ಫಿರಂಗಿ ದಳದಲ್ಲಿ ಲೆಫ್ಟಿನೆಂಟ್ ಆದ. ಫಿರಂಗಿಗೂ ಪ್ರಾಗಿತಿಹಾಸಕ್ಕೂ ಏನೂ ಸಂಬಂಧವಿಲ್ಲ. ತಂದೆ ಮಗನನ್ನು ಒಂದೇ ಕೆಲಸದಲ್ಲಿ ಕೂಡಿಸಿದ್ದು ಒಂದು ಗವಿ.

ಈಗಿನ ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಯ ಬೇತಂಚೆರ್ಲ ಬಳಿ ಸುಣ್ಣದ ಕಲ್ಲಿನ ಬೆಟ್ಟದಲ್ಲಿ ಬಿಲ್ಲಸುರ್ಗಂ ಗವಿಗಳಿವೆ. ಅಲ್ಲಿ ಪ್ರಾಣಿಗಳ ಮೂಳೆಗಳಿವೆ ಎಂದು ಕ್ಯಾಪ್ಟನ್ ನ್ಯೂಬೋಲ್ಡ್ 1844ರಲ್ಲಿಯೇ ಬರೆದಿದ್ದರು. ಆಮೇಲೆ ಅವು ಮರೆತುಹೋಗಿದ್ದವು. ವಿಕಾಸವಾದದ ಪ್ರಬಲ ಸಮರ್ಥಕ ಟಿ.ಎಚ್. ಹಕ್ಸ್‌ಲೀ ಅವರು ಈ ಗವಿಗಳನ್ನು ಶೋಧಿಸಬೇಕೆಂದು ಸೂಚಿಸಿದರು. ಮದರಾಸಿನ ಗವರ್ನರ್ ಗ್ರಾಂಟ್ ಡಫ್ ಅದಕ್ಕೆ ಒತ್ತಾಸೆಯಾದರು. ಕೆಲಸ ರಾಬರ್ಟ್ ಫುಟ್ ಅವರ ಪಾಲಿಗೆ ಬಂತು. ಗವಿಗಳನ್ನು ಮತ್ತೆ ಹುಡುಕಿ ಅವರು ಅಗೆತ ಆರಂಭಿಸಿದರು. ಆದರೆ ಇಲಾಖೆಯ ಇತರ ಕೆಲಸ ಬಿಟ್ಟು ಅಲ್ಲಿಯೇ ಕೂರುವಂತಿರಲಿಲ್ಲ. ಆಗ ಅಗೆತವನ್ನು ಮುಂದುವರಿಸಿದ್ದು ಮಗ.

1884 ಮತ್ತು 1885ರಲ್ಲಿ ಹೆನ್ರಿ ಅಲ್ಲಿ ಉತ್ಖನನ ನಡೆಸಿದ. ಗವಿಗಳಿಗೆ ಅವರು ಇಟ್ಟ ಹೆಸರುಗಳೇ ವಿಚಿತ್ರ. ಒಂದು ಕೆಥೀಡ್ರಲ್, ಇನ್ನೊಂದು ಪರ್ಗೆಟರಿ, ಮತ್ತೊಂದು ಚಾರ್ನೆಲ್ ಹೌಸ್, ಅಂದರೆ ಮೂಳೆಮನೆ. ಗವಿಯೊಳಗಿನ ಮಣ್ಣನ್ನು ಪದರು ಪದರಾಗಿ ತೆಗೆದು, ಯಾವ ವಸ್ತು ಯಾವ ಆಳದಲ್ಲಿ ಸಿಕ್ಕಿತೆಂದು ಗುರುತು ಹಾಕುವುದು ತಾಳ್ಮೆಯ ಕೆಲಸ. ಮೇಲಿನ ಪದರು ಹೊಸದು, ಕೆಳಗಿನದು ಹಳೆಯದು. ಅದು ಬೆರೆತುಹೋದರೆ ಎಲ್ಲ ಶ್ರಮ ವ್ಯರ್ಥ. ಮಣ್ಣು ಅಗೆದು ಹೊತ್ತು ಹಾಕಿದವರು ಊರಿನ ಕೂಲಿಕಾರರು ಎಂಬುದನ್ನೂ ಇಲ್ಲಿ ನೆನೆಯಬೇಕು. ಅವರ ಹೆಸರು ಚರಿತ್ರೆಗೆ ಸೇರಲಿಲ್ಲ.

ಗವಿಯಿಂದ ಖಡ್ಗಮೃಗ, ಕತ್ತೆಕಿರುಬ, ಮುಳ್ಳುಹಂದಿ, ಕಾಡುಹಂದಿ, ಮಂಗ ಮುಂತಾದ ಪ್ರಾಣಿಗಳ ಮೂಳೆಗಳು ಹೊರಬಂದವು. ರಿಚರ್ಡ್ ಲಿಡೆಕರ್ ಎಂಬ ಪ್ರಾಣಿ ಪಳೆಯುಳಿಕೆ ತಜ್ಞರು ಅವನ್ನು ಪರೀಕ್ಷಿಸಿ 1886ರಲ್ಲಿ ವಿವರ ಪ್ರಕಟಿಸಿದರು. ಇದಕ್ಕಿಂತ ಮಹತ್ವದ ಸಂಗತಿ ಇನ್ನೊಂದಿತ್ತು. ಸುಮಾರು 200 ಮೂಳೆಗಳು ಮನುಷ್ಯನ ಕೈಯಿಂದ ರೂಪ ಪಡೆದ ಉಪಕರಣಗಳು ಎಂದು ತಂದೆ ಮಗ ತೀರ್ಮಾನಿಸಿದರು. ದಬ್ಬಳ, ಬಾಣದ ಮೊನೆ, ಉಳಿಗಳಂಥ ಸಾಮಾನುಗಳು ಅವು. ಮೂಳೆಯಿಂದ ಇಷ್ಟು ಬಗೆಯ ಉಪಕರಣ ಮಾಡಿದ ಶಿಲಾಯುಗದ ಜನ ಭಾರತದಲ್ಲಿ ಇದ್ದರೆಂಬುದು ಅಂದು ಹೊಸ ಮಾತು.

ಇಲ್ಲಿ ಒಂದು ಅಂಶ ಗಮನಾರ್ಹ. ಈ ಕೆಲಸದ ಬಗ್ಗೆ ಇಲಾಖೆಯ ಪತ್ರಿಕೆಯಲ್ಲಿ 1884 ಮತ್ತು 1885ರಲ್ಲಿ ತಂದೆ ಬರೆದ ಲೇಖನಗಳ ಶೀರ್ಷಿಕೆಯಲ್ಲಿಯೇ ಮಗನ ಹೆಸರಿದೆ. ಬಿಲ್ಲಸುರ್ಗಂ ಗವಿಗಳಲ್ಲಿ ಎಚ್.ಬಿ. ಫುಟ್ ಮಾಡಿದ ಕೆಲಸ ಎಂಬುದೇ ಒಂದರ ಶೀರ್ಷಿಕೆ. ಇಲಾಖೆಯ ಹಿರಿಯ ಅಧಿಕಾರಿಯಾಗಿದ್ದ ತಂದೆಗೆ ಇಡೀ ಕೀರ್ತಿಯನ್ನು ತನ್ನ ಹೆಸರಿಗೆ ಬರೆದುಕೊಳ್ಳುವುದು ಕಷ್ಟವಾಗಿರಲಿಲ್ಲ. ಹಾಗೆ ಮಾಡಲಿಲ್ಲ. ಸರ್ಕಾರಿ ವರದಿಯಲ್ಲಿ ಮಮತೆಯ ಮಾತಿಗೆ ಎಡೆಯಿಲ್ಲ. ಆದರೂ ಆ ಶೀರ್ಷಿಕೆಯಲ್ಲಿ ಮಗನ ಬಗ್ಗೆ ತಂದೆಗಿದ್ದ ಹೆಮ್ಮೆ ಕಾಣದೆ ಇರದು.

ಕಾಣೆಯಾದ ಮೂಳೆಗಳು

ದುರ್ದೈವವೆಂದರೆ ತಂದೆ ಮಗ ಕೂಡಿ ತೆಗೆದ ಆ ಮೂಳೆಯ ಉಪಕರಣಗಳು ಕಾಣೆಯಾದವು. ಮುಂದಿನ ಸಂಶೋಧಕರಿಗೆ ಅವು ಪರೀಕ್ಷೆಗೆ ಸಿಗಲೇ ಇಲ್ಲ. ಉಳಿದದ್ದು ಬರೆದಿಟ್ಟ ವಿವರ ಮಾತ್ರ. ವಸ್ತುವೇ ಇಲ್ಲದ ಮೇಲೆ ಸಂದೇಹ ಹುಟ್ಟುವುದು ಸ್ವಾಭಾವಿಕ. ಅವು ನಿಜವಾಗಿ ಉಪಕರಣಗಳೇ, ಪ್ರಾಣಿಗಳು ಕಡಿದು ಹಾಕಿದ ಮೂಳೆಗಳೇ ಎಂದು ಕೇಳಿದರೆ ತೋರಿಸಲು ಏನೂ ಇರಲಿಲ್ಲ. ಮುಳ್ಳುಹಂದಿ ಮೂಳೆಯನ್ನು ಕಡಿಯುವ ಪ್ರಾಣಿ ಎಂಬುದು ತಿಳಿದದ್ದೇ. ಸುಮಾರು 90 ವರ್ಷ ಆ ಪ್ರಶ್ನೆ ಹಾಗೆಯೇ ಉಳಿಯಿತು.

1970ರ ದಶಕದಲ್ಲಿ ಎಂ.ಎಲ್.ಕೆ. ಮೂರ್ತಿ ಅದೇ ಸೀಮೆಯ ಮುಚ್ಚಟ್ಲ ಚಿಂತಮಾನು ಗವಿ ಎಂಬಲ್ಲಿ ಉತ್ಖನನ ನಡೆಸಿದರು. ಅಲ್ಲಿ ಕಲ್ಲಿನ ಅಲಗುಗಳ ಜೊತೆಯಲ್ಲಿ ಮೂಳೆಯ ಉಪಕರಣಗಳೂ ದೊರೆತವು. ಬೆಂಕಿ ಹಾಕಿದ್ದ ಒಲೆಯ ಮಣ್ಣನ್ನು ಪರೀಕ್ಷಿಸಿದಾಗ ಅದರ ಕಾಲ ಸುಮಾರು 17 ಸಾವಿರ ವರ್ಷಗಳ ಹಿಂದಿನದೆಂದು ತಿಳಿಯಿತು. ಕಳೆದುಹೋದ ವಸ್ತುಗಳು ಮರಳಿ ಬರಲಿಲ್ಲವಾದರೂ ತಂದೆ ಮಗನ ಮಾತಿಗೆ ಬಲ ಬಂತು.

ಕಥೆ ಅಲ್ಲಿಗೂ ನಿಲ್ಲಲಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪುರಾತತ್ವಜ್ಞ ರವಿ ಕೋರಿಶೆಟ್ಟರ ಹಾಗೂ ವಿದೇಶಿ ವಿದ್ವಾಂಸರು ಬಿಲ್ಲಸುರ್ಗಂ ಗವಿಗಳನ್ನು ಈ ಶತಮಾನದಲ್ಲಿ ಮತ್ತೆ ಅಭ್ಯಾಸ ಮಾಡಿದರು. 2014ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದ ಸಂಗತಿ ಕುತೂಹಲಕರ. ಅಲ್ಲಿ ಗುರುತಿಸಿದ 21 ಬಗೆಯ ಸಸ್ತನಿಗಳಲ್ಲಿ 20 ಬಗೆ ಇಂದಿಗೂ ಉಪಖಂಡದಲ್ಲಿ ಬದುಕಿವೆ. ಹವಾಮಾನ ಎಷ್ಟೋ ಸಲ ಏರುಪೇರಾದರೂ ನಮ್ಮ ನೆಲದ ಪ್ರಾಣಿಗಳು ಒಂದು ಲಕ್ಷಕ್ಕೂ ಹೆಚ್ಚು ವರ್ಷ ಹೇಗೋ ತಾಳಿಕೊಂಡವು. ಫಿರಂಗಿ ದಳದ ಯುವಕನೊಬ್ಬ ಅಗೆದ ಗವಿ ಹೀಗೆ 130 ವರ್ಷಗಳ ನಂತರವೂ ಹೊಸ ಪಾಠ ಹೇಳಿತು.

ಬೇರೆ ತಂದೆ, ಬೇರೆ ಮಕ್ಕಳು

ಇಂಥ ಹವ್ಯಾಸ ತಂದೆಯಿಂದ ಮಗುವಿಗೆ ಇಳಿದ ಉದಾಹರಣೆಗಳು ಬೇರೆಯೂ ಇವೆ. ಇಂಗ್ಲೆಂಡಿನ ಜಾನ್ ಇವಾನ್ಸ್ ಕಾಗದದ ಕಾರ್ಖಾನೆ ನಡೆಸುತ್ತಿದ್ದವರು. ಕಲ್ಲಿನ ಉಪಕರಣ ಮತ್ತು ಹಳೆಯ ನಾಣ್ಯ ಸಂಗ್ರಹಿಸುವುದು ಅವರ ಹುಚ್ಚು. 1859ರಲ್ಲಿ ಸೊಮ್ ನದಿಯ ಕೊಡಲಿಗಳನ್ನು ಒಪ್ಪಿದ ವಿದ್ವಾಂಸರಲ್ಲಿ ಅವರೂ ಒಬ್ಬರು. ಆ ಸಂಗ್ರಹದ ನಡುವೆ ಬೆಳೆದ ಮಗ ಆರ್ಥರ್ ಇವಾನ್ಸ್ 1900ರಲ್ಲಿ ಕ್ರೀಟ್ ದ್ವೀಪದ ನೋಸಸ್‌ನಲ್ಲಿ ಉತ್ಖನನ ಆರಂಭಿಸಿ, ಮರೆತುಹೋಗಿದ್ದ ಒಂದು ನಾಗರಿಕತೆಯನ್ನೇ ಬೆಳಕಿಗೆ ತಂದರು.

ನಮ್ಮ ನೆರೆಯ ಸುರಪುರದಲ್ಲಿ 1841ರಿಂದ 1853ರವರೆಗೆ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಅವರನ್ನೂ ಇಲ್ಲಿ ನೆನೆಯಬಹುದು. ರಾಜನಕೋಳೂರು, ಜೇವರ್ಗಿ ಕಡೆಯ ಬೃಹತ್ ಶಿಲಾ ಸಮಾಧಿಗಳನ್ನು ಅವರು ಅಗೆಸಿ ವಿವರ ಬರೆದರು. 1876ರಲ್ಲಿ ಅವರು ತೀರಿಕೊಂಡ ಮರು ವರ್ಷವೇ ಅವರ ಆತ್ಮಕಥೆಯನ್ನು ಸಂಪಾದಿಸಿ ಹೊರತಂದದ್ದು ಮಗಳು. ಆ ಮಗಳಿಗೆ ಸುರಪುರದ ಬೆಟ್ಟಗಳು ದಕ್ಕಿದ್ದು ತಂದೆಯ ಬರಹದ ಮೂಲಕ. ಫುಟ್ ಅವರ ಮಗನಿಗೆ ತಂದೆಯ ಲೋಕ ಕೈಗೆ ಮಣ್ಣು ಮೆತ್ತಿಕೊಂಡೇ ದಕ್ಕಿತು. ಬಗೆ ಬೇರೆಯಾದರೂ ತಂದೆಯ ಆಸಕ್ತಿಯನ್ನು ಮಕ್ಕಳು ತಮ್ಮದಾಗಿ ಮಾಡಿಕೊಂಡದ್ದು ಎರಡೂ ಕಡೆ ಸಮಾನ.

ಹೆಸರು ಬರೆದಿಟ್ಟ ಕಲ್ಲು

ಫುಟ್ 1891ರಲ್ಲಿ ಸರ್ವೇಕ್ಷಣ ಇಲಾಖೆಯಿಂದ ನಿವೃತ್ತರಾದರು. ನಂತರ ಬರೋಡಾ ಸಂಸ್ಥಾನಕ್ಕಾಗಿ, ಆಮೇಲೆ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ದುಡಿದರು. ಅವರು ಜೀವನವಿಡೀ ಕೂಡಿಸಿದ ಸಂಗ್ರಹವನ್ನು 1904ರಲ್ಲಿ ಮದರಾಸು ಸರ್ಕಾರ ಕೊಂಡುಕೊಂಡಿತು. ನಾನೂರಕ್ಕೂ ಹೆಚ್ಚು ನೆಲೆಗಳ ವಸ್ತುಗಳು ಅದರಲ್ಲಿದ್ದವು. ಬಳ್ಳಾರಿಯ ಕುಪ್ಪಗಲ್ಲು, ರಾಯಚೂರು ಜಿಲ್ಲೆಯ ಮಸ್ಕಿ ಮುಂತಾಗಿ ಕನ್ನಡ ನಾಡಿನ ಹಲವು ಊರುಗಳ ಹೆಸರು ಅಲ್ಲಿ ಬರುತ್ತವೆ. ಕೊನೆಯ ವರ್ಷಗಳನ್ನು ಅವರು ಆ ಸಂಗ್ರಹದ ವಿವರಪಟ್ಟಿ ಬರೆಯುವುದರಲ್ಲಿ ಕಳೆದರು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು. ಪಟ್ಟಿ ಎರಡು ಸಂಪುಟಗಳಾಗಿ 1914 ಮತ್ತು 1916ರಲ್ಲಿ ಅಚ್ಚಾಯಿತು.

ಈ ಪಟ್ಟಿಯ ಬೆಲೆ ಇರುವುದು ಕಲ್ಲುಗಳ ಚೆಲುವಿನಲ್ಲಿ ಅಲ್ಲ. ಯಾವ ಕಲ್ಲು ಯಾವ ಊರಿನ ಯಾವ ಜಾಗದಲ್ಲಿ ಸಿಕ್ಕಿತೆಂದು ಬರೆದಿಟ್ಟದ್ದರಲ್ಲಿ ಇದೆ. ಎಲ್ಲಿ ಸಿಕ್ಕಿತೆಂಬುದು ತಿಳಿಯದ ಕೈಗೊಡಲಿ ಬರಿಯ ಕಲ್ಲು. ಊರು ಮತ್ತು ಪದರು ತಿಳಿದಿದ್ದರೆ ಅದು ಚರಿತ್ರೆ. ಫುಟ್ ಬಿಟ್ಟುಹೋದ ಈ ಜಾಡನ್ನು ಹಿಡಿದೇ ಪುಣೆಯ ಡೆಕ್ಕನ್ ಕಾಲೇಜಿನ ವಿದ್ವಾಂಸರು ನಮ್ಮ ಕಡೆ ಬಂದರು. ಆರ್.ವಿ. ಜೋಶಿ ಮಲಪ್ರಭೆಯ ಕಣಿವೆಯನ್ನು ಅಭ್ಯಾಸ ಮಾಡಿ 1955ರಲ್ಲಿ ಗ್ರಂಥ ಪ್ರಕಟಿಸಿದರು. ಆರ್.ಎಸ್. ಪಪ್ಪು ಘಟಪ್ರಭೆ ಮತ್ತು ಮೇಲಿನ ಕೃಷ್ಣೆಯ ಕಣಿವೆಯಲ್ಲಿ ದುಡಿದರು. ಕೆ. ಪದ್ದಯ್ಯ ಸುರಪುರ ತಾಲ್ಲೂಕಿನ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ದಶಕಗಳ ಕಾಲ ಸಂಶೋಧನೆ ನಡೆಸಿದರು. ಅಲ್ಲಿನ ಇಸಾಂಪುರದಲ್ಲಿ ಹಳೆ ಶಿಲಾಯುಗದ ಜನ ಕಲ್ಲು ಆಯ್ದು ಉಪಕರಣ ಮಾಡುತ್ತಿದ್ದ ಜಾಗವೇ ಪತ್ತೆಯಾಯಿತು. ಅದರ ಕಾಲವನ್ನು ಸುಮಾರು 12 ಲಕ್ಷ ವರ್ಷ ಎಂದು ಅಂದಾಜಿಸಲಾಗಿದೆ. ಬಳ್ಳಾರಿಯಲ್ಲಿ ಈಗ ಫುಟ್ ಅವರ ಹೆಸರಿನಲ್ಲಿಯೇ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯವಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಬೇಕಾದ ಸ್ಥಳವದು.

ಕೃಷ್ಣೆಯ ದಂಡೆಯಲ್ಲಿ ಫುಟ್ ನಡೆದಾಡಿದ ಕಾಲದ ನೆಲ ಇಂದು ಹಾಗೆಯೇ ಉಳಿದಿಲ್ಲ. ನದಿಯ ಹಳೆಯ ದಂಡೆಗಳ ಬಹುಭಾಗ ಜಲಾಶಯದ ತಳ ಸೇರಿದೆ. ನೀರಾವರಿ ಬಂದ ಮೇಲೆ ಹೊಲಗಳನ್ನು ಸಮ ಮಾಡಿದ್ದಾರೆ. ರಸ್ತೆಗೆಂದು ಗರಸು ತೆಗೆದ ಕಡೆ ಪದರುಗಳೇ ಮಾಯವಾಗಿವೆ. ನೀರು ಬಂದದ್ದರಿಂದ ರೈತನ ಬದುಕು ಹಸನಾಗಿದೆ. ಅದನ್ನು ಬೇಡವೆನ್ನುವವರು ಯಾರೂ ಇಲ್ಲ. ಆದರೆ ಉಳಿದ ಗರಸಿನ ದಿನ್ನೆಗಳಲ್ಲಿ ಏನಿದೆ ಎಂದು ನೋಡುವ ಕಣ್ಣು ಊರಿನಲ್ಲಿಯೇ ಬೆಳೆಯಬೇಕು. ಹೊಲದಲ್ಲಿ ವಿಚಿತ್ರವಾದ ಕಲ್ಲು ಕಂಡಾಗ ಅದನ್ನು ಎತ್ತಿಕೊಂಡು ಮನೆಗೆ ತರುವುದಕ್ಕಿಂತ, ಇದ್ದ ಜಾಗವನ್ನು ಗುರುತಿಟ್ಟು ಪುರಾತತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸದ ಅಧ್ಯಾಪಕರಿಗೋ ತಿಳಿಸುವುದು ಮೇಲು. ಮನಸ್ಸಿಗೆ ಬಂದಂತೆ ಅಗೆಯುವುದಂತೂ ಸಲ್ಲದು.

ಬಿಲ್ಲಸುರ್ಗಂನ ಮೂಳೆಗಳು ಕಳೆದುಹೋದರೂ ಆ ಕೆಲಸ ಉಳಿದದ್ದು ಮಗ ಅಗೆದದ್ದನ್ನು ತಂದೆ ಬರೆದಿಟ್ಟಿದ್ದರಿಂದ. ಮಗುವಿನ ಕೈ ಹಿಡಿದು ಹೊಲದ ಬದುವಿನಲ್ಲಿ ನಡೆಯುವ ಯಾವ ತಂದೆಗೂ ಅಷ್ಟು ಮಾಡಲು ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು ಸಾಕು.